ಕಾಡವ್ವ ಹಿಡಿದ ರೋಜಾ

ಮಸಗುಪ್ಪಿಯ ಪ್ರಾರ್ಥನಾಲಯದಲ್ಲಿ ಪ್ರಭುಭೋಜನದ ತಟ್ಟೆ ಗಂಡಸರ ಸಾಲು ಮುಗಿಸಿ ಹೆಂಗಸರ ಕಡೆ ಬಂದಾಗ ಕಾಡವ್ವ ಅದನ್ನು ಎರಡೂ ಕೈಯಿಂದ ಇಸಿದುಕೊಂಡು ಬಾಜೂಕ್ಕೆ ಕೂತವಳಿಗೆ ಕೊಟ್ಟುಬಿಡುತ್ತಿದ್ದಳು. ಅದರೊಳಗಿನ ರೊಟ್ಟಿಯ ಚೂರನ್ನು ಅವಳು ಮುಟ್ಟುವಂತಿರಲಿಲ್ಲ. ಅವಳಿಗೆ ದೀಕ್ಷಾಸ್ನಾನ ಆಗಿರಲಿಲ್ಲ.

ಅತ್ತೆಗೆ ಆಗಿತ್ತು, ಗಂಡ ಸೋಮಲಿಂಗನಿಗೂ ಆಗಿತ್ತು. ತುಕ್ಕಾನಟ್ಟಿಯಿಂದ ಸೊಸೆಯಾಗಿ ಬಂದ ಇವಳದು ಮಾತ್ರ ಮುಂದೆ ಮುಂದೆ ಹೋಗುತ್ತ ಬಂತು. ಈಸ್ಟರ್ ಬಂದಾಗ ಒಮ್ಮೆ ಬಸುರಿ, ಒಮ್ಮೆ ಬಾಣಂತಿ, ಎಷ್ಟೋ ಸಲ ಕಬ್ಬು ಕಡಿಯಲು ಗಂಡನ ಜೊತೆ ಸಾಂಗ್ಲಿ ಸೀಮೆಯಲ್ಲಿ. ಆಮೇಲೆ ಸೋಮಲಿಂಗ ಹಾಸಿಗೆ ಹಿಡಿದ. ಅವನ ಬೆನ್ನಿಗೆ ಹುಣ್ಣು ಬಿದ್ದಾಗ ಸಭೆಯ ಅಲ್ಲವ್ವ ದಿನಾ ಬಂದು, ಹೇಗೆ ಹೊರಳಿಸಬೇಕು, ಹೇಗೆ ಒರೆಸಬೇಕು ಎಂದು ಕಾಡವ್ವನ ಕೈ ಹಿಡಿದು ಕಲಿಸಿದಳು. ಸೋಮಲಿಂಗ ಉಳಿಯಲಿಲ್ಲ. ಕಲಿತ ಕೆಲಸ ಕಾಡವ್ವನ ಕೈಯಲ್ಲಿ ಉಳಿಯಿತು. ಊರಲ್ಲಿ ಯಾರಾದರೂ ನೆಲ ಹಿಡಿದರೆ ಅವಳಿಗೆ ಕರೆ ಬರುತ್ತಿತ್ತು.

ಹಾಗೆ ಕರೆ ಬಂದದ್ದು ಎರಡು ಮನೆ ಆಚೆಯ ಗುಡುಬಿಯ ಮನೆಯಿಂದ. ಗುಡುಬಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಮಾತ್ರ ಮೊದಲಿನಷ್ಟೇ ಖಡಕ್ಕಾಗಿತ್ತು. ಮೇಲಿಂದ ಸಕ್ಕರೆ ಕಾಯಿಲೆ. ಮಗ ಬಾಬಾಲಾಲನಿಗೆ ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ, ಸೊಸೆ ಸಾಯಿರಾ ಅಲ್ಲಿಯೇ ಒಂದು ಸಾಲಿಯಲ್ಲಿ ಟೀಚರು. ಸಾಯಿರಾ ಮುಂಜಾನೆ ಅತ್ತೆಗೆ ಸಕ್ಕರೆ ಇಳಿಸುವ ಸೂಜಿ ಚುಚ್ಚಿ, ಉಣ್ಣಲು ತೆಗೆದಿಟ್ಟು ಗಂಡನ ಗಾಡಿ ಹತ್ತುತ್ತಿದ್ದಳು. ಅಲ್ಲಿಂದ ಸಂಜೆಯ ತನಕ ಗುಡುಬಿ ಕಾಡವ್ವನ ಪಾಲು.

ಕಾಡವ್ವನ ಕೆಲಸ ನೋಡುವವರಿಗೆ ನಿಧಾನ ಅನ್ನಿಸುತ್ತಿತ್ತು. ಗುಡುಬಿಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನ ಹಿಂದೆ ಸುರುಳಿ ಮಾಡಿದ ಕೌದಿ ಇಟ್ಟು, ಮೊಣಕಾಲ ನಡುವೆ ದಿಂಬು ಸಿಗಿಸುತ್ತಿದ್ದಳು. ಹಿಮ್ಮಡಿ, ಸೊಂಟದ ಎಲುಬು, ಭುಜದ ತುದಿ, ಇವನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಕೆಂಪಾದ ಕಡೆ ಬೆರಳಿಟ್ಟು ತೆಗೆದರೆ ಬಿಳಿಚಿಕೊಳ್ಳಬೇಕು. ಕೆಂಪು ಹಾಗೇ ಉಳಿದರೆ ಆ ಮಗ್ಗುಲಿಗೆ ಅವತ್ತು ಮಲಗಿಸುವಂತಿಲ್ಲ. ಗುಡುಬಿ ಬೈಯುತ್ತಿದ್ದಳು, "ಏ ಕಾಡಿ, ನಾ ಏನ ಬದನಿಕಾಯಿ ಏನ? ಒತ್ತಿ ಒತ್ತಿ ನೋಡತಿ!"

"ಬದನಿಕಾಯಿ ಆಗಿದ್ರ ಚೊಲೋ ಆಗಿತ್ತ ಬೂಬು, ಬಾಯಿ ಆದ್ರೂ ಇರತಿದ್ದಿಲ್ಲ," ಅನ್ನುತ್ತಿದ್ದಳು ಕಾಡವ್ವ.

ಈ ವರ್ಷದ ಈಸ್ಟರಿಗೆ ಸ್ನಾನ ಆಗಿಯೇ ತೀರಬೇಕೆಂದು ಕಾಡವ್ವ ಪಾಸ್ಟರ್ ಸ್ವಪ್ನಿಲ್‌ಗೆ ಹೇಳಿಟ್ಟಿದ್ದಳು. ಸ್ವಪ್ನಿಲ್ ಹುಕ್ಕೇರಿ ಕಡೆಯ ಹುಡುಗ. ಅಲ್ಲಿಂದ ಮೋಟರ್ ಸೈಕಲ್ ಮೇಲೆ ಬಂದು ಈ ಕಡೆಯ ಕೆಲವು ಹಳ್ಳಿಗಳ ಸಭೆ ನೋಡಿಕೊಳ್ಳುತ್ತಿದ್ದ. ಸ್ನಾನಕ್ಕೆ ನಿಂತವರಿಗೆ ಅವನು ಸಂಜೆ ಪಾಠ ಹೇಳುತ್ತಿದ್ದ. ಒಂದು ಸಂಜೆ, ದೇವರನ್ನು ತಿಳಿಯುವುದು ಎಂದರೇನು ಎಂದು ಕೇಳಿ ತಾನೇ ಉತ್ತರವನ್ನೂ ಹೇಳಿದ. ಹಿಂದೆ ಒಬ್ಬ ಅರಸನಿದ್ದ, ದಿಕ್ಕಿಲ್ಲದವರ ನ್ಯಾಯ ನೋಡುತ್ತಿದ್ದ, ನನ್ನನ್ನು ತಿಳಿಯುವುದೆಂದರೆ ಇದೇ ಎಂದು ದೇವರೇ ಅವನ ವಿಷಯದಲ್ಲಿ ಹೇಳಿದ ಎಂದು. ಅರಸನ ಹೆಸರು ಕಾಡವ್ವನ ತಲೆಯಲ್ಲಿ ನಿಲ್ಲಲಿಲ್ಲ. ಅವಳು ಕೇಳಿದಳು, "ಆ ಅರಸನ ಮನ್ಯಾಗ ಯಾರರ ಹಾಸಿಗಿ ಹಿಡದಿದ್ರೇನ್ರಿ?" ಎಲ್ಲರೂ ನಕ್ಕರು. ಸ್ವಪ್ನಿಲ್ ತಾನೂ ನಕ್ಕು, ಅದು ಬರೆದಿಲ್ಲ ಅಂದ.

ಆ ವರ್ಷ ರಂಜಾನ್ ತಿಂಗಳು ಈಸ್ಟರಿನ ಹಿಂದೆಯೂ ಮುಂದೆಯೂ ಚಾಚಿಕೊಂಡು ಬಂತು. ಚಂದ್ರ ಕಂಡ ಮಾರನೆಯ ದಿನ ಸಾಯಿರಾ ಎಂದಿನಂತೆ ಸೂಜಿ ಚುಚ್ಚಿ ಹೋದಳು. ಕಾಡವ್ವ ಹಾಲಿನಲ್ಲಿ ರೊಟ್ಟಿ ನೆನೆಸಿ ತಂದರೆ ಗುಡುಬಿ ಬಾಯಿ ಬಿಗಿದುಕೊಂಡಳು. ಆಮೇಲೆ ತಿನ್ನುತ್ತೇನೆ, ಇಡು ಅಂದಳು. ಕಾಡವ್ವ ಬಟ್ಟೆ ಒಗೆದು ಬರುವಷ್ಟರಲ್ಲಿ ಗುಡುಬಿಯ ಹಣೆಯಲ್ಲಿ ಬೆವರು ಹರಿಯುತ್ತಿತ್ತು, ಕಣ್ಣು ಮೇಲೆ ಸಿಕ್ಕಿದ್ದವು. ಸೂಜಿಯ ಮದ್ದು ಮೈಯಲ್ಲಿದೆ, ಹೊಟ್ಟೆಯಲ್ಲಿ ಏನೂ ಇಲ್ಲ. ಕಾಡವ್ವ ಸಕ್ಕರೆಯ ಡಬ್ಬಿ ತಂದು, ಬೆರಳಿಗೆ ಸಕ್ಕರೆ ಹತ್ತಿಸಿ ಗುಡುಬಿಯ ದವಡೆಯೊಳಗೆ ತಿಕ್ಕಿದಳು. ಕಣ್ಣು ತಿರುಗಿ ಕೆಳಗೆ ಬರುವ ತನಕ ತಿಕ್ಕಿದಳು.

ಎಚ್ಚರಾದ ಗುಡುಬಿ ಮೊದಲು ಆಡಿದ ಮಾತು, "ನನ್ನ ರೋಜಾ ಮುರದಿ."

"ಮುರದೆ. ಇಲ್ಲಂದ್ರ ನಿನ್ನ ಕುತಗೀನ ಮುರೀತಿತ್ತು."

ಗುಡುಬಿ ಅತ್ತಳು. ಹುಡುಗಿಯಾಗಿದ್ದಾಗಿನಿಂದ ಒಂದು ವರ್ಷವೂ ರಂಜಾನ್ ಉಪವಾಸ ಬಿಟ್ಟಿಲ್ಲ, ಈಗ ಎಲ್ಲರೂ ಬಾಯಿ ಕಟ್ಟಿ ಕೂತಾಗ ತಾನೊಬ್ಬಳೇ ಹಾಡುಹಗಲು ಹಾಲು ರೊಟ್ಟಿ ತಿನ್ನಬೇಕೇ ಎಂದಳು. ಕಾಡವ್ವನ ತವರಿನಲ್ಲಿ ಒಬ್ಬಳು ದೇವಿಯ ಗುಡ್ಡಕ್ಕೆ ನಡೆದು ಬರುತ್ತೇನೆಂದು ಹರಕೆ ಹೊತ್ತು, ಅಷ್ಟರಲ್ಲಿ ಬಾಣಂತಿಯಾದರೆ, ಅವಳ ತಂಗಿ ನಡೆಯುತ್ತಿದ್ದಳು. ನಡೆದದ್ದು ಅಕ್ಕನ ಲೆಕ್ಕಕ್ಕೇ ಸೇರುತ್ತಿತ್ತು. ಯಾರೂ ತಕರಾರು ಮಾಡುತ್ತಿರಲಿಲ್ಲ. ರೋಜಾ ಕೂಡ ಹಾಗೇ ಇರಬೇಕು ಎಂದುಕೊಂಡಳು ಕಾಡವ್ವ.

"ನೀ ಉಣ್ಣು ಬೂಬು. ನಿನ್ನ ಪಾಲಿಂದು ನಾ ಹಿಡಿತೀನಿ."

"ನೀ ಹಿಡಿತಿ?" ಗುಡುಬಿ ಮೂಗು ಒರೆಸಿಕೊಂಡಳು. "ನಿಮ್ಮಂದಿ ಉಪಾಸ ನೋಡೇನಿ ನಾ. ಸಂಜಿಮುಂದ ಎರಡಪಟ್ಟು ತಿಂತಾರ."

"ನಿಮ್ಮಂದಿ ಸಂಜಿಮುಂದ ಬರೇ ವಾಸನಿ ನೋಡತಾರೇನು?"

ಗುಡುಬಿ ಕರಾರು ಹಾಕಿದಳು. ನೀರು ಸುದ್ದಾ ಇಲ್ಲ. ತಂಬಾಕು ಇಲ್ಲ. ಸುಳ್ಳು ಹೇಳಬಾರದು, ಯಾರ ಚಾಡಿಯನ್ನೂ ಆಡಬಾರದು. "ಚಾಡಿ ಆಡದ ದಿನಾ ಹೆಂಗ ಹೋಗತೈತಿ?" ಎಂದಳು ಕಾಡವ್ವ. ತಂಬಾಕು ಬಿಡು ಎಂದು ಪ್ರಾರ್ಥನಾಲಯದಲ್ಲಿ ಹೇಳಿ ಹೇಳಿ ಸೋತಿದ್ದರು. ಅದು ಗುಡುಬಿಯ ರೋಜಾದಲ್ಲಿ ಬಿಟ್ಟಿತು.

ಮರುದಿನದಿಂದ ಕಾಡವ್ವ ನಸುಕಿನಲ್ಲಿ ಎದ್ದು ತನ್ನ ಮನೆಯಲ್ಲಿ ರೊಟ್ಟಿ ಬಡಿದು ತಿಂದು, ನೀರು ಕುಡಿದು ಬರುತ್ತಿದ್ದಳು. ಗುಡುಬಿ ಮೊದಲ ತುತ್ತಿಗೆ ಮುಂಚೆ, "ರೋಜಾ ಅದಿಯೇನು?" ಎಂದು ಕೇಳುತ್ತಿದ್ದಳು. "ಅದೀನಿ," ಅಂದ ಮೇಲೆಯೇ ಬಾಯಿ ತೆರೆಯುತ್ತಿದ್ದಳು. ಸಾಯಿರಾಗೆ ಇದೇನೂ ಗೊತ್ತಿರಲಿಲ್ಲ. ಅತ್ತೆ ಹಟ ಬಿಟ್ಟಳೆಂದು ಅವಳು ನಿರಾಳವಾಗಿದ್ದಳು.

ಬಯಲಾದದ್ದು ಶುಭ ಶುಕ್ರವಾರ. ಅವತ್ತು ಸಭೆಯವರೆಲ್ಲ ಉಪವಾಸವಿದ್ದು, ಮಧ್ಯಾಹ್ನ ಮೂರಕ್ಕೆ ಪ್ರಾರ್ಥನೆ ಮುಗಿದೊಡನೆ ಬೆಲ್ಲದ ಪಾನಕ ಕುಡಿಯುವುದು ಅಲ್ಲಿಯ ರೂಢಿ. ಗುಡುಬಿಯ ಬಳಿ ಬಾಬಾಲಾಲನನ್ನು ಕೂರಿಸಿ ಬಂದಿದ್ದ ಕಾಡವ್ವ ಲೋಟ ಇಸಿದುಕೊಂಡು ಕೆಳಗಿಟ್ಟಳು. ಸಭೆಯ ಹಿರಿಯ ಸಾತಪ್ಪ ನೋಡಿದ. ಅವನ ಮನೆ ಕಾಡವ್ವನ ಎದುರಿಗೇ ಇತ್ತು.

"ಯಾಕವಾ, ಪಾನಕ ಒಲ್ಲಿ? ನಸುಕಿನ್ಯಾಗ ರೊಟ್ಟಿ ಬಡಿಯೋ ಸಪ್ಪಳ ದಿನಾ ಕೇಳಾಕತ್ತೇನಿ. ರೋಜಾ ಹಿಡದಿಯೇನ ಮತ್ತ?" ಸಾತಪ್ಪ ಚೇಷ್ಟೆಗೆ ಕೇಳಿದ್ದ.

ಸುಳ್ಳು ಹೇಳಬಾರದೆಂಬ ಕರಾರು ಇತ್ತು. "ಹೌದ್ರಿ," ಎಂದಳು ಕಾಡವ್ವ. "ನಂದಲ್ಲ. ಗುಡುಬೀದು."

ಗದ್ದಲವೇ ಆಯಿತು. ನಾಡಿದ್ದು ಹೊಳೆಯಲ್ಲಿ ಸ್ನಾನ ಮಾಡುವವಳು ಇವತ್ತು ರೋಜಾ ಇದ್ದಾಳೆ, ಇದು ಯಾವ ಸೀಮೆಯ ಮಾತು ಎಂದು ಸಾತಪ್ಪ ದನಿ ಏರಿಸಿದ. ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಟವಳನ್ನು ನೀರಿಗೆ ಇಳಿಸಬಾರದು ಎಂದ. ಸ್ವಪ್ನಿಲ್ ಎಲ್ಲರನ್ನೂ ಸುಮ್ಮನಿರಿಸಿ, ತಾನು ಮಾತಾಡುತ್ತೇನೆಂದ.

ಶನಿವಾರ ಅವನು ಗುಡುಬಿಯ ಮನೆಯ ಕಟ್ಟೆಯ ಮೇಲೆ ಬಂದು ಕೂತ. ಕಾಡವ್ವ ಗುಡುಬಿಯನ್ನು ಹೊರಳಿಸಿ, ಕೌದಿ ಸಿಗಿಸಿ ಹೊರಗೆ ಬಂದಳು. ನಡೆದದ್ದನ್ನೆಲ್ಲ ಹೇಳಿದಳು, ಸಕ್ಕರೆ ತಿಕ್ಕಿದ್ದನ್ನೂ.

"ಅದು ಚೊಲೋ ಮಾಡೀರಿ," ಎಂದ ಸ್ವಪ್ನಿಲ್. "ಆದ್ರ ಕಾಡವ್ವಾರ, ಈಸ್ಟರ್ ದಿವಸ ಯಾರೂ ಉಪಾಸ ಇರಂಗಿಲ್ರಿ. ಪ್ರಭು ಎದ್ದಾನ ಅಂತ ಉಣ್ಣೋ ದಿವಸ ಅದು. ಸ್ನಾನ ಆದಕೂಡ್ಲೆ ರೊಟ್ಟಿ ಬರತೈತಿ. ಅದನ್ನ ಬ್ಯಾಡ ಅನ್ನೂದು ಸಣ್ಣ ಮಾತಲ್ಲ."

"ಬ್ಯಾಡಂತ ಯಾರ ಅಂದಾರ್ರಿ? ಮದಿವಿ ಆಗಿ ಬಂದಾಗಿಂದ ಅದರ ಕಡೆ ನೋಡಕೋತ ಕುಂತೇನಿ."

"ಮತ್ತ ತಿನ್ನರಿ."

"ನಾ ತಿಂದ್ರ ಅಕಿ ತಿನ್ನಂಗಿಲ್ರಿ. ಸೂಜಿ ಮುಂಜಾನೆ ಆಗಿರತೈತಿ."

ಸ್ವಪ್ನಿಲ್ ಗಾಡಿಯ ಕೀಲಿಕೈ ತೆಗೆದುಕೊಂಡು ಎದ್ದ. ಹೋಗುವ ಮುಂಚೆ ಹೇಳಿದ, "ಸ್ನಾನಕ್ಕ ಹಿರಿಯರನ್ನ ನಾ ಒಪ್ಪಸತೀನಿ. ರೊಟ್ಟಿದು ನಿಮಗ ಬಿಟ್ಟದ್ದು. ಖರೆ ಹೇಳಬೇಕಂದ್ರ, ನಿಮ್ಮ ಜಾಗಾದಾಗ ನಾ ಇದ್ರ ತಿಂತಿದ್ದೆ."

ಅವನು ಕಪಟವಿಲ್ಲದೆ ಹೇಳಿದ್ದ. ಅದಕ್ಕೇ ಆ ಮಾತು ಕಾಡವ್ವನನ್ನು ಹೆಚ್ಚು ಕಾಡಿತು.

ಸಂಜೆ ಮೂಡಲಗಿಯಿಂದ ಬಂದ ಸಾಯಿರಾಗೂ ವಿಷಯ ತಲುಪಿತು. ಅವಳು ಹಣೆ ಬಡಿದುಕೊಂಡಳು. "ಅತ್ತಿ, ಒಬ್ಬರ ರೋಜಾ ಇನ್ನೊಬ್ಬರು ಹಿಡಿಯಾಕ ಬರಂಗಿಲ್ಲ! ಹಿಂಗ ಜಡ್ಡಾದವರು ಹಿಡೀಬೇಕಂತನೂ ಇಲ್ಲ. ಬಿಟ್ಟ ಒಂದೊಂದು ದಿನಕ್ಕ ಒಬ್ಬ ಬಡವನ ಹೊಟ್ಟಿ ತುಂಬಸಬೇಕು, ಅಷ್ಟ. ನಿಮ್ಮ ಮಗಾ ತಿಂಗಳ ಹಿಡಿಯೂದ್ರಾಗನ ಅಕ್ಕಿ ಬ್ಯಾಳಿ ಕೊಟ್ಟ ಬಂದಾರ. ನಿಮ್ಮದು ಮುಗದೈತಿ."

ಕಾಡವ್ವನಿಗೆ ಬೆನ್ನ ಮೇಲಿನ ಹೊರೆ ಯಾರೋ ಇಳಿಸಿದಂತಾಯಿತು. ಹಾಗಾದರೆ ನಾಳೆ ರೊಟ್ಟಿ ತಿನ್ನಬಹುದು. ತಾನು ಇಷ್ಟು ದಿನ ಹಿಡಿದದ್ದು ಯಾರ ಲೆಕ್ಕಕ್ಕೂ ಸೇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಅದಕ್ಕೆ ಅವಳಿಗೆ ಅಷ್ಟೇನೂ ಬೇಸರವಾಗಲಿಲ್ಲ. ಗುಡುಬಿ ಅಷ್ಟು ದಿನ ಉಂಡಿದ್ದಳಲ್ಲ.

ಆದರೆ ಗುಡುಬಿ ಒಪ್ಪಲಿಲ್ಲ. "ಅಂವ ಕೊಟ್ಟಾನ. ನಾ ಏನ ಕೊಟ್ಟೆ? ಮಲಕೊಂಡಲ್ಲೇ ಎಲ್ಲಾ ಮುಗಸತೀರಿ ನೀವು. ಕಾಡಿ ನನ್ನ ಸಲುವಾಗಿ ಹಸದಾಳ ಅಂತ ನಾ ನುಂಗತಿದ್ದೆ. ಅಕಿ ಬಿಟ್ರ ನನಗ ಇಳಿಯಂಗಿಲ್ಲ."

ಸಾಯಿರಾ ವಾದಿಸಿದಳು, ಬಾಬಾಲಾಲ ಬಂದು ಗದರಿಸಿದ. ಗುಡುಬಿ ಕಣ್ಣು ಮುಚ್ಚಿಕೊಂಡಳು. ಕಾಡವ್ವ ಬಾಗಿಲಲ್ಲಿ ನಿಂತು ನೋಡಿ, "ಇರಲಿ ಬಿಡ್ರಿ. ನಾಳೆನೂ ರೋಜಾ ಅದೀನಿ," ಎಂದು ಹೇಳಿ ಮನೆಗೆ ಹೋದಳು.

ಈಸ್ಟರ್ ಬೆಳಗ್ಗೆ ಕಾಡವ್ವ ಗುಡುಬಿಗೆ ಅದೀನಿ ಎಂದು ಹೇಳಿ ಮುಂಜಾನೆಯ ತುತ್ತು ಉಣಿಸಿ ಹೋಗುವಷ್ಟರಲ್ಲಿ ಸಭೆಯವರು ಘಟಪ್ರಭೆಯ ಬಾಂದಾರದ ಒಡ್ಡಿನ ಹತ್ತಿರ ಕೂಡಿದ್ದರು. ಬೇಸಿಗೆಯಲ್ಲಿ ನೀರು ನಿಲ್ಲುವುದು ಅಲ್ಲೊಂದೇ ಕಡೆ. ದಂಡೆಯ ಮೇಲೆ ಪಾಸ್ಟರನ ಹೆಂಡತಿ ಪದ್ಮಶ್ರೀ ಕಾಡವ್ವನ ಸೆರಗಿಗೆ ಪಿನ್ನು ಹಾಕುತ್ತ ಕಿವಿಯಲ್ಲಿ ಹೇಳಿದಳು, "ಚೂರ ತಿಂದು ಸುಮ್ಮನಿದ್ದುಬಿಡ್ರಿ ಆಯಿ. ಆ ಅಜ್ಜಿಗೆ ಏನ ಗೊತ್ತಾಗತೈತಿ?"

"ಪ್ರಭುವಿನ ಊಟಾ ಉಂಡು, ಹೊರಗ ಬಂದು ಮೊದಲ ಆಡೂ ಮಾತ ಸುಳ್ಳ ಇರಬೇಕೇನವಾ?" ಎಂದಳು ಕಾಡವ್ವ.

ಸ್ವಪ್ನಿಲ್ ಸೊಂಟದ ನೀರಿನಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆದ. ಎಲ್ಲರಿಗೂ ಒಂದೇ ಪ್ರಶ್ನೆ, ಎಲ್ಲರದೂ ಪಾಠದಲ್ಲಿ ಕಲಿತ ಒಂದೇ ಉತ್ತರ. ಕಾಡವ್ವನ ಸರದಿ ಬಂತು.

"ದೇವರನ್ನ ಬಲ್ಲಿರೇನು?"

ಬಲ್ಲೆ ಅನ್ನಬೇಕಿತ್ತು. ಅವತ್ತು ಅವಳ ಬಾಯಲ್ಲಿ ಅದು ಬರಲಿಲ್ಲ. "ಕಲಿಯಾಕತ್ತೇನ್ರಿ," ಎಂದಳು.

ದಂಡೆಯ ಮೇಲಿಂದ ಸಾತಪ್ಪ ಗಂಟಲು ಸರಿಮಾಡಿಕೊಂಡದ್ದು ಎಲ್ಲರಿಗೂ ಕೇಳಿಸಿತು. ಸ್ವಪ್ನಿಲ್ ಅವನ ಕಡೆ ನೋಡದೆ, "ಮೂಗ ಹಿಡಕೋರಿ," ಎಂದು ಅವಳನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದ. ಒಂದು ಹನಿ ಒಳಗೆ ಹೋದರೂ ಗುಡುಬಿಯ ರೋಜಾ ಕೆಡುತ್ತದೆಂದು ಕಾಡವ್ವ ತುಟಿಗಳನ್ನು ಹಲ್ಲಿನಿಂದ ಕಚ್ಚಿಕೊಂಡಿದ್ದಳು. ಮೇಲೆ ಬಂದ ಮೇಲೆ ಎಲ್ಲರೂ ಕೂಗಿ ಆಮೆನ್ ಅಂದರು, ಅವಳೊಬ್ಬಳು ಅನ್ನಲಿಲ್ಲ. ಮುಖದ ನೀರು ಪೂರ್ತಿ ಒರೆಸಿಕೊಂಡು, ದಂಡೆ ಹತ್ತಿದ ಮೇಲೆ ನಿಧಾನಕ್ಕೆ ಅಂದಳು. ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಪ್ರಾರ್ಥನಾಲಯದಲ್ಲಿ ತಟ್ಟೆ ಬಂತು. ಈಗ ಅವಳಿಗೆ ಹಕ್ಕಿತ್ತು. ಬಿಳಿ ಬಟ್ಟೆಯ ಮೇಲೆ ಮುರಿದಿಟ್ಟ ಚೂರುಗಳಲ್ಲಿ ಒಂದು ಉಳಿದವಕ್ಕಿಂತ ಅಂಚಿನಲ್ಲಿ ಸ್ವಲ್ಪ ಕಂದಿತ್ತು. ಅದು ತನ್ನದಾಗಬಹುದಿತ್ತು ಎಂದುಕೊಂಡಳು. ಬಾಯಲ್ಲಿ ನೀರೂರಿತು, ಹಸಿವೆಗೋ ಆಸೆಗೋ ಅವಳಿಗೇ ತಿಳಿಯಲಿಲ್ಲ. ಎರಡೂ ಕೈಯಿಂದ ತಟ್ಟೆ ಹಿಡಿದು ಬಾಜೂದವಳಿಗೆ ಕೊಟ್ಟಳು. ಸಾತಪ್ಪ ಬಾಯಿ ತೆರೆದ; ಸ್ವಪ್ನಿಲ್ ಹಾಡು ಎತ್ತಿಕೊಂಡ.

ಮಧ್ಯಾಹ್ನ ಅವಳು ಒಣ ಸೀರೆ ಉಟ್ಟು ಗುಡುಬಿಯ ಮನೆಗೆ ಬಂದಾಗ ಸಾಯಿರಾ ಒಳಗೆ ಮಕ್ಕಳ ಪರೀಕ್ಷೆಯ ಕಾಗದ ತಿದ್ದುತ್ತಿದ್ದಳು. ಗುಡುಬಿ ಕಣ್ಣು ತೆರೆದೇ ಮಲಗಿದ್ದಳು.

"ಆತೇನು ಜಳಕಾ?"

"ಆತು."

"ರೊಟ್ಟಿ ಕೊಟ್ರೇನು?"

"ಕೊಟ್ರು. ನಾ ಬಾಜೂಕ ಸರಿಸಿದ್ನಿ."

ಗುಡುಬಿ ಹೇಳಿದಳು, "ನಿನ್ನೆ ಆ ಹುಡುಗ ಕಟ್ಟಿ ಮ್ಯಾಲ ಅಂದದ್ದೆಲ್ಲಾ ಕೇಳೇನಿ ನಾ. ನೀ ತಿಂದ ಬಂದು ನನ್ನ ಮುಂದ ಸುಳ್ಳ ಹೇಳತಿ ಅಂದಕೊಂಡಿದ್ದೆ. ಹೇಳಿದ್ರ ನಂಬಿದಂಗ ಮಾಡತಿದ್ದೆ."

"ಸುಳ್ಳ ಹೇಳಬ್ಯಾಡ ಅಂತ ನೀನ ಕರಾರ ಹಾಕಿದ್ದಿ."

"ಹಾಕಿದ್ದೆ! ಎಲ್ಲಾ ಕರಾರೂ ನಡಸಬೇಕೇನು? ನಿನ್ನ ದೇವರ ಮನಿ ಊಟಾ ನನ್ನ ಸಲುವಾಗಿ ಬಿಟ್ಟು ಬಂದಿ. ಇನ್ನ ಅದನ್ನ ನಾ ಎಲ್ಲಿ ಇಟಗೋಲಿ?" ಗುಡುಬಿ ಕತ್ತು ಆಚೆ ತಿರುಗಿಸಿದಳು. "ನಿನ್ನ ಮಾರಿ ನೋಡಾಕ ಒಲ್ಲೆ. ನನ್ನ ಗ್ವಾಡಿ ಕಡೆ ಹೊಳ್ಳಸು."

ತಾನಾಗಿ ಹೊರಳಲು ಬರುವಂತಿರಲಿಲ್ಲ. ಕಾಡವ್ವ ಅವಳನ್ನು ಗೋಡೆಯ ಕಡೆ ಹೊರಳಿಸಿ, ಸಿಟ್ಟು ಮಾಡಿಕೊಳ್ಳಲು ಅನುಕೂಲವಾಗುವಂತೆ ಕೌದಿ, ದಿಂಬು ಎಲ್ಲ ಸರಿಯಾಗಿ ಸಿಗಿಸಿದಳು. ಹಿಮ್ಮಡಿ ನೋಡಿದಳು. ಕೆಂಪಿರಲಿಲ್ಲ. ಆಮೇಲೆ ಮಂಚದ ಕಾಲಿಗೆ ಒರಗಿ ಕೂತಳು.

ಕೂತಲ್ಲಿ ಅವಳಿಗೆ ಸ್ವಪ್ನಿಲ್‌ನ ಅರಸ ನೆನಪಾದ. ಅವನಿಗೆ ದೇವರನ್ನು ತಿಳಿದದ್ದು ಯಾವ ಹೊತ್ತಿನಲ್ಲಿ ಗೊತ್ತಾಗಿರಬೇಕು? ಅವಳಿಗಂತೂ ಹೊಳೆಯಲ್ಲಿ ಮುಳುಗಿದಾಗ ನೀರು ತಣ್ಣಗಿದೆ ಎಂಬುದಷ್ಟೇ ಗೊತ್ತಾಗಿತ್ತು. ಗುಡುಬಿಯ ಕಣ್ಣು ಮೇಲೆ ಸಿಕ್ಕಿದ್ದ ದಿನ, ಸಕ್ಕರೆ ತಿಕ್ಕುವಾಗ, ಕೋಣೆಯಲ್ಲಿ ತಾನೊಬ್ಬಳೇ ಇಲ್ಲ ಎಂದು ಅನ್ನಿಸಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಬರುವಂಥದ್ದೂ ಆಗಿರಲಿಲ್ಲ.

ಬಿಸಿಲು ಬಾಗಿಲು ದಾಟಿ ಹೊರಗೆ ಸರಿದ ಹೊತ್ತಿಗೆ ಗುಡುಬಿ ಗೋಡೆಗೇ ಹೇಳಿದಳು, "ಹೊಳ್ಳಸು." ಹೊರಳಿಸಿದ ಮೇಲೆ, "ಸಾಯಿರಾ, ಹಾಲ ರೊಟ್ಟಿ ತಾ," ಎಂದು ಕೂಗಿದಳು.

ಸಾಯಿರಾ ತಂದಳು. ಕಾಡವ್ವ ತುತ್ತು ಮಾಡಲು ಕೈ ಚಾಚಿದರೆ ಗುಡುಬಿ ಬಟ್ಟಲನ್ನು ಎಡಗೈಯಿಂದ ತನ್ನ ಕಡೆ ಎಳೆದುಕೊಂಡಳು. ರೋಜಾ ಅದಿಯೇನು ಎಂದು ಕೇಳಲಿಲ್ಲ. ಎಡಗೈಯಿಂದಲೇ ತುತ್ತು ಎತ್ತಿದಳು. ಅರ್ಧ ಗದ್ದದ ಮೇಲೆ ಸುರಿಯಿತು. ನುಂಗುವಾಗ ಅವಳ ಗಂಟಲು ಎರಡು ಸಲ ತಡೆಯಿತು, ಕಣ್ಣಲ್ಲಿ ನೀರು ಬಂತು. ಬಾಗಿಲು ತೆರೆದಿತ್ತು, ಓಣಿಯಲ್ಲಿ ಮಂದಿ ಓಡಾಡುತ್ತಿದ್ದರು. ಮುಚ್ಚು ಎನ್ನಲಿಲ್ಲ.

"ನೋಡಿದಿ?" ಎಂದಳು ಬಟ್ಟಲು ಬರಿದಾದ ಮೇಲೆ. "ನಿನ್ನ ಹಸಿವಿ ಮ್ಯಾಲ ತಿಂದಿಲ್ಲ ಇದು. ನನ್ನ ಮಗಾ ಅಕ್ಕಿ ಕೊಟ್ಟ. ನಾ ಈ ತುತ್ತ ನುಂಗಿ ನನ್ನ ಹಟಾ ಕೊಟ್ಟೆ. ಇನ್ನ ನಿನ್ನ ರೋಜಾ ನನಗ ಬ್ಯಾಡ."

"ನಾಳೆ?"

"ನಾಳೇನೂ ತಿಂತೀನಿ. ದಿನಾ ತಿಂತೀನಿ, ಬೈಕೋತ ತಿಂತೀನಿ. ಆ ಹುಡುಗನ ಕಡೆ ರೊಟ್ಟಿ ಉಳದೈತೋ, ಎಲ್ಲಾ ತಿಂದ ಕುಂತಾರೋ?"

"ಹಾಸಿಗಿ ಹಿಡದವರ ಮನಿಗೆ ಒಯ್ಯತಾರ. ಈಗ ಅಲ್ಲವ್ವನ ಮನ್ಯಾಗ ಇದ್ದಾರು."

"ಮತ್ತ ಇಲ್ಲಿ ಕುಂತ ನನ್ನ ಮಾರಿ ಏನ ನೋಡತಿ? ಹೋಗು!"

ಕಾಡವ್ವ ಗುಡುಬಿಯ ಗದ್ದ ಒರೆಸಿ ಎದ್ದಳು.

ಸೋಮಲಿಂಗನ ಬೆನ್ನು ನೋಡಿಕೊಂಡಿದ್ದ ಅಲ್ಲವ್ವ ಈಗ ತಾನೂ ಮಂಚ ಹಿಡಿದು ಓಣಿಯ ಕೊನೆಯ ಮನೆಯಲ್ಲಿ ಮಗಳ ಜೊತೆಗಿದ್ದಳು. ಕಾಡವ್ವ ಹೋಗುವಷ್ಟರಲ್ಲಿ ಸ್ವಪ್ನಿಲ್ ಅವಳ ತಲೆದಿಂಬಿನ ಬಳಿ ಕೂತು ರೊಟ್ಟಿ ಸುತ್ತಿದ ಬಟ್ಟೆ ಬಿಚ್ಚುತ್ತಿದ್ದ. ಸಾತಪ್ಪ ಬಟ್ಟಲು ಹಿಡಿದು ನಿಂತಿದ್ದ.

ಕಾಡವ್ವ ಹೊಸ್ತಿಲ ಒಳಗೆ ನಿಂತಳು. "ನನಗೂ ಬೇಕಾಗಿತ್ರಿ," ಎಂದಳು.

"ಇದು ಜಡ್ಡಿನವರಿಗೆ ತಂದದ್ದು," ಎಂದ ಸಾತಪ್ಪ. "ಮುಂಜಾನೆ ಎಲ್ಲಾರ ಮುಂದ ಕೊಟ್ಟಾಗ ಒಲ್ಲೆ ಅಂದಿ. ಈಗ ಹೊತ್ತ ಮುಳಗೂಕಿಂತ ಮೊದಲ ಬಂದಿಯಲ್ಲ, ರೋಜಾ ಎಲ್ಲಿ ಹೋತು?"

"ಗುಡುಬಿ ಬ್ಯಾಡಂದ್ಲು. ತಾನ ತಿಂದ್ಲು, ಎಡಗೈಲೆ. ನನಗ ಹೋಗು ಅಂದ್ಲು."

ಸ್ವಪ್ನಿಲ್ ಸಾತಪ್ಪನ ಮುಖ ನೋಡಿದ. ಮಂಚದ ಮೇಲಿಂದ ಅಲ್ಲವ್ವ ಕೇಳಿದಳು, "ಯಾರು, ಕಾಡವ್ವನ? ನಿಂದಿನ್ನೂ ಆಗಿಲ್ಲೇನ? ಬಾ, ಇಲ್ಲಿ ಕುಂಡ್ರು."

ಸಾತಪ್ಪ ಬಟ್ಟಲನ್ನು ಗೋಡೆಯ ಗೂಡಿನಲ್ಲಿಟ್ಟು, ಮೂಲೆಯ ಗೋಣಿಚೀಲ ಕೊಡವಿ ಮಂಚದ ಬಾಜೂಕ್ಕೆ ಹಾಸಿದ. ಕಾಡವ್ವ ಕೂತು ಕೈಯೊಡ್ಡಿದಳು. ಸ್ವಪ್ನಿಲ್ ಮೊದಲು ಅಲ್ಲವ್ವನಿಗೆ, ಆಮೇಲೆ ಇವಳಿಗೆ ಕೊಟ್ಟ.

ನಸುಕಿನಿಂದ ಬಾಯಿಗೆ ನೀರು ಬಿದ್ದಿರಲಿಲ್ಲ. ಚೂರು ಅಂಗುಳಕ್ಕೆ ಅಂಟಿತು. ಕಾಡವ್ವ ನಾಲಿಗೆ ಹೊರಳಿಸಿದಳು, ಕೆಮ್ಮು ಬಂತು, ಕಣ್ಣು ತುಂಬಿದವು. ಹಲ್ಲಿಲ್ಲದ ಅಲ್ಲವ್ವನೂ ಇನ್ನೂ ವಸಡಿನಲ್ಲಿ ತಿರುವುತ್ತಿದ್ದಳು. ಇಬ್ಬರ ಬಾಯಿ ಖಾಲಿಯಾಗುವ ತನಕ ಸ್ವಪ್ನಿಲ್ ಪ್ರಾರ್ಥನೆ ತಡೆದು ಕೂತ. ಸಾತಪ್ಪ ಒಳಗೆ ಹೋಗಿ ಹರವಿಯಿಂದ ಒಂದು ಚರಿಗೆ ನೀರು ತುಂಬಿ ತಂದು ಕಾಡವ್ವನ ಮುಂದೆ ಇಟ್ಟ.